ಕಡಲಿನ ಸಲುವಾಗಿ ಯೂರಿಯಾಕ್ಕೆ ಕಡಿವಾಣ ಬೇಕೇ?

ಪರ

ಧಾರವಾಡದ ದಿಣ್ಣೆಯಿಂದ ಪಡುವಲಿಗೆ ಹರಿದ ಮಳೆನೀರು ಶಾಲ್ಮಲಾ, ಬೇಡ್ತಿ, ಗಂಗಾವಳಿ ಹಿಡಿದು ಅರಬ್ಬಿ ಸಮುದ್ರ ಸೇರುತ್ತದೆ. ಮೂಡಲಿಗೆ ಹೊರಳಿದ್ದು ಬೆಣ್ಣಿಹಳ್ಳ, ಮಲಪ್ರಭಾ, ಕೃಷ್ಣಾ ದಾಟಿ ಬಂಗಾಳ ಕೊಲ್ಲಿಗೆ. ಗೊಬ್ಬರದ್ದೂ ಅದೇ ದಾರಿ. 45 ಕೆಜಿ ಯೂರಿಯಾ ಚೀಲದಲ್ಲಿ ಸಾರಜನಕ 20.7 ಕೆಜಿ. ಮಣ್ಣಿನ ಸೂಕ್ಷ್ಮಜೀವಿಗಳು ಕೆಲವೇ ದಿನಗಳಲ್ಲಿ ಅದನ್ನು ಅಮೋನಿಯಂ ಮಾಡುತ್ತವೆ, ಆಮೇಲೆ ನೈಟ್ರೈಟ್, ಕೊನೆಗೆ ನೈಟ್ರೇಟ್. ಅಮೋನಿಯಂ ಎರೆಮಣ್ಣಿಗೆ ಅಂಟಿಕೊಳ್ಳುತ್ತದೆ. ನೈಟ್ರೇಟ್ ಅಂಟುವುದಿಲ್ಲ, ನೀರು ಹೋದತ್ತ ಹೋಗುತ್ತದೆ.

ಕಡಲಿನಲ್ಲಿ ಅದನ್ನುಂಡು ಬೆಳೆದ ಪಾಚಿ ಸತ್ತು ತಳ ಸೇರುತ್ತದೆ. ಕೊಳೆಸುವ ಬ್ಯಾಕ್ಟೀರಿಯಾ ಅಲ್ಲಿನ ಆಮ್ಲಜನಕ ಮುಗಿಸುತ್ತವೆ. ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಗೋವಾ, ಕಾರವಾರದ ಕಡೆಯ ತಳನೀರಿನಲ್ಲಿ ಆಮ್ಲಜನಕ ಹೆಚ್ಚುಕಡಿಮೆ ಖಾಲಿ. ಆಗ ಅವು ನೈಟ್ರೇಟನ್ನೇ ಉಸಿರಾಡತೊಡಗುತ್ತವೆ, ನಡುವೆ ನೈಟ್ರಸ್ ಆಕ್ಸೈಡ್ ಸೋರುತ್ತದೆ. ಇದು ಭೂಮಿಯನ್ನು ಬಿಸಿ ಮಾಡುವ ಅನಿಲ, 100 ವರ್ಷದ ಲೆಕ್ಕದಲ್ಲಿ ಇದರ ಕಾವು ಇಂಗಾಲದ ಡೈಆಕ್ಸೈಡಿನ ಸುಮಾರು 270 ಪಟ್ಟು. ನೈಟ್ರೇಟೂ ತೀರಿತೆಂದರೆ ಕಡಲನೀರಿನ ಸಲ್ಫೇಟಿನ ಸರದಿ, ಅದರಿಂದ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲಕ್ಕೆ ಕೊಳೆತ ತತ್ತಿಯ ವಾಸನೆ.

ಗೋವಿನಜೋಳಕ್ಕೆ ಯೂರಿಯಾ ಒಮ್ಮೆಲೇ ಸುರಿಯದೆ ಕಂತಿನಲ್ಲಿ ಕೊಡಿ. ದೊಡ್ಡ ಮಳೆಯ ಸೂಚನೆ ಇದ್ದರೆ ಮೇಲುಗೊಬ್ಬರ ಮುಂದೂಡಿ. ಕೊಟ್ಟ ಮೇಲೆ ಎಡೆ ಹೊಡೆದು ಮಣ್ಣಲ್ಲಿ ಮುಚ್ಚಿ.

ವಿರೋಧ

ಎಡೆ ಹೊಡೆಯುವ ಮಾತು ಸರಿ, ಅದು ರೈತನ ಕಿಸೆಗೇ ಒಳ್ಳೆಯದು. ಆದರೆ ಕಡಲನ್ನು ಮುಂದಿಟ್ಟು ಅವನ ಚೀಲ ಎಣಿಸುವುದು ತಪ್ಪು. ಕಾರವಾರದ ತಳನೀರು ಉಸಿರುಗಟ್ಟಲು ಮೊದಲ ಕಾರಣ ಮುಂಗಾರಿನಲ್ಲಿ ಆಳದಿಂದ ದಂಡೆಯತ್ತ ಏರಿಬರುವ ನೀರು. ಅದರಲ್ಲಿ ಆಮ್ಲಜನಕ ಮೊದಲೇ ಕಡಿಮೆ, ನೈಟ್ರೇಟ್ ಬೇಕಾದಷ್ಟು. ಮೇಲೆ ಮಳೆಯ ಸಿಹಿನೀರು ಮುಚ್ಚಳ ಹಾಕಿದಂತೆ ಕೂತು ಗಾಳಿ ಬೆರೆಯಲು ಬಿಡುವುದಿಲ್ಲ. ಯೂರಿಯಾ ಬರುವ ಮೊದಲೂ ಇದು ಇತ್ತು.

ಹಾವೇರಿಯ ಹೊಲದ ನೀರಂತೂ ಬಂಗಾಳ ಕೊಲ್ಲಿ ಮುಟ್ಟಲು ವರದಾ, ತುಂಗಭದ್ರಾ ಸೇರಿ ಅಣೆಕಟ್ಟಿನ ಮೇಲೆ ಅಣೆಕಟ್ಟು ದಾಟಬೇಕು. ಅಲ್ಲಿನ ಹೂಳಿನ ಬ್ಯಾಕ್ಟೀರಿಯಾ ಒಂದಷ್ಟು ನೈಟ್ರೇಟನ್ನು ಅನಿಲ ಮಾಡಿ ಗಾಳಿಗೆ ಬಿಡುತ್ತವೆ. ನೀರು ನಿಂತ ಎರೆ ಹೊಲದಲ್ಲೂ ಇದೇ ಕೆಲಸ: ಬೆಳೆ ಹಳದಿಯಾಗುತ್ತದೆ, ನಾವು ಇನ್ನೊಂದು ಚೀಲ ಸುರಿಯುತ್ತೇವೆ. ಅಲ್ಲಿ ಬೇಕಿದ್ದದ್ದು ಬಸಿಗಾಲುವೆ.

ಬಂಗಾಳ ಕೊಲ್ಲಿಯ ಕಥೆಯೇ ಬೇರೆ. ಅದರ ನಡು ಆಳದಲ್ಲಿ ಉಳಿದ ಲವಲೇಶ ಆಮ್ಲಜನಕದಲ್ಲೇ ಕೆಲವು ಬ್ಯಾಕ್ಟೀರಿಯಾ ನೈಟ್ರೈಟನ್ನು ಮರಳಿ ನೈಟ್ರೇಟ್ ಮಾಡುತ್ತವೆ. ಹಾಗಾಗಿ ಅರಬ್ಬಿ ಸಮುದ್ರದಷ್ಟು ಸಾರಜನಕ ಅಲ್ಲಿ ಅನಿಲವಾಗಿ ಹೋಗುವುದಿಲ್ಲ. ಒಂದೇ ಕಾನೂನು ಎರಡೂ ಕಡಲಿಗೆ ಹೊಂದದು.

ಚಿಂತೆ ನಿಜವಿದ್ದರೆ ಊರ ಗಟಾರ ನೋಡಿ. ಅಲ್ಲಿ ಅಮೋನಿಯಂ ವರ್ಷವಿಡೀ ಹರಿಯುತ್ತದೆ. ಶುದ್ಧೀಕರಣ ಘಟಕದಲ್ಲಿ ಬರೀ ಗಾಳಿ ಊದಿದರೆ ಅದು ನೈಟ್ರೇಟ್ ಆಗಿ ಹಳ್ಳ ಸೇರುತ್ತದೆ. ಗಾಳಿಯಿಲ್ಲದ ತೊಟ್ಟಿಯೊಂದು ಜೋಡಿಸಿ, ಕೊಳಚೆಯ ಸಾವಯವ ಇಂಗಾಲ ಅಲ್ಲಿಗೆ ಸಿಗುವಂತೆ ಮಾಡಿದರೆ ಮಾತ್ರ ಅನಿಲವಾಗಿ ಹೋಗುತ್ತದೆ.