ಯಾರು ಆ ‘ನಮ್ಮಂಥವರು’?

ನಿನ್ನೆಯಿಂದ ಸಿಟ್ಟು ಇಳಿದಿಲ್ಲ. ಇಳಿಯೋದಕ್ಕೆ ಮುಂಚೆ ಬರೆದುಬಿಡ್ತೀನಿ, ಆಮೇಲೆ ಹೋಗಲಿ ಬಿಡು ಅನ್ನಿಸಿಬಿಡುತ್ತೆ.

ಶನಿವಾರ ಮಧ್ಯಾಹ್ನ ಇಲ್ಲಿ ಮಿಷಿಗನ್‌ನಲ್ಲಿ, ಮನೆ ಗ್ಯಾರೇಜಿನಲ್ಲಿ ನಾನೂ ಮಗಳೂ ನಮ್ಮ ಹಳೇ ಮಜ್ದಾ ಮಿಯಾಟಾ ಕಾರಿನ ಸೆಲ್ಫ್, ಅಂದರೆ ಇಂಜಿನ್ ಸ್ಟಾರ್ಟ್ ಮಾಡೋ ಮೋಟರ್, ಬದಲಾಯಿಸ್ತಿದ್ವಿ. ಅವಳು ಗಾಡಿ ಕೆಳಗೆ ಮಲಗಿದ್ದಳು, ನಾನು ಬಾನೆಟ್ ಹತ್ತಿರ ಇದ್ದೆ. ಊರಿಂದ ಮಗನ ಮನೆಗೆ ಬಂದಿರೋ ಹಿರಿಯರೊಬ್ಬರು ವಾಕಿಂಗ್ ಹೊರಟಿದ್ದವರು ನಿಂತು ನೋಡಿದರು. ಕನ್ನಡ ಕಿವಿಗೆ ಬಿದ್ದಿರಬೇಕು. “ಯಾಕಮ್ಮ, ಇಲ್ಲಿ ಮೆಕ್ಯಾನಿಕ್ ಸಿಗಲ್ವಾ?” ಅಂದರು. ಸಿಗ್ತಾರೆ ಸಾರ್, ನಾವೇ ಮಾಡ್ಕೊತಿದೀವಿ ಅಂದೆ. ಅಷ್ಟರಲ್ಲಿ ಮಗಳು ಆಚೆ ಬಂದಳು. ಅವಳ ಕೈ ನೋಡಿ ಮುಖ ಕಿವುಚಿದರು. “ಓದೋ ಹುಡುಗಿ ಕೈಲಿ ಇದನ್ನೆಲ್ಲ ಯಾಕಮ್ಮ ಮಾಡಿಸ್ತೀಯ? ನಮ್ಮಂಥವರು ಮಾಡೋ ಕೆಲಸವೇನಮ್ಮ ಇದು?”

ಯಾರು ಸ್ವಾಮಿ ಆ ನಮ್ಮಂಥವರು?

ನನ್ನ ಪೋಸ್ಟ್ ಓದೋರಿಗೆಲ್ಲ ಗೊತ್ತು, ನಮ್ಮಪ್ಪ ತಿಪಟೂರಲ್ಲಿ ಆಟೋ ಎಲೆಕ್ಟ್ರಿಷಿಯನ್. ಕೊಬ್ಬರಿ ಲಾರಿಗಳ ಸೆಲ್ಫು, ಡೈನಮೋ, ಅಂಬಾಸಿಡರ್ ವೈರಿಂಗು, ಎಲ್ಲಾ ಅವರ ಕೈಯಲ್ಲೇ. ಸೆಲ್ಫ್ ಬಿಚ್ಚಿ ಒಳಗೆ ತಿರುಗೋ ಆರ್ಮೇಚರ್ ಹೊರಗೆ ತೆಗೆದು, ಅದರ ತುದಿಯ ತಾಮ್ರದ ಕಮ್ಯುಟೇಟರನ್ನ ಮರಳು ಕಾಗದದಲ್ಲಿ ಉಜ್ಜಿ, ಸವೆದ ಕಾರ್ಬನ್ ಬ್ರಶ್ಶು, ಬುಶ್ಶು ಹೊಸದು ಹಾಕಿ, ಇಂಜಿನ್ನಿಗೆ ಹಲ್ಲು ಕೊಡೋ ಬೆಂಡಿಕ್ಸ್ ತೊಳೆದು, ನೆಲದ ಮೇಲಿಟ್ಟು ಬ್ಯಾಟರಿ ಕೊಟ್ಟರೆ ಅದು ಕಾಲಡಿ ಎತ್ತರ ಎಗರೋದು. ನಾನು ಓದಿದ್ದು ಆ ದುಡ್ಡಲ್ಲಿ. ಇವತ್ತು ಮಿಷಿಗನ್‌ನಲ್ಲಿ ಕೂತು ಇದನ್ನ ಬರೀತಿರೋದೂ ಆ ದುಡ್ಡಿಂದಲೇ. ಕಾರು ನಿಂತುಹೋಗಿದೆ ಬಾರಪ್ಪ ಅಂತ ಅಪ್ಪನನ್ನ ಮನೆಗೆ ಕರೆಸಿಕೊಳ್ತಿದ್ದವರು, ಕೆಲಸ ಮುಗಿದ ಮೇಲೆ ಕಾಫಿ ಕೊಡ್ತಿದ್ದದ್ದು ಹೊರಗಡೆ ಜಗಲಿ ಮೇಲೆ. ಎಷ್ಟೋ ಸಲ ಟೂಲ್ಸ್ ಚೀಲ ಹಿಡ್ಕೊಂಡು ನಾನೂ ಪಕ್ಕದಲ್ಲಿ ಕೂತಿದ್ದೆ. ನಿನ್ನೆ ಆ ಹಿರಿಯರ ಮಾತಲ್ಲಿ ನನಗೆ ಕೇಳಿಸಿದ್ದು ಅದೇ ಜಗಲಿ.

ಈಗ ನನ್ನ ಮಗಳು ಮಾಡಿದ್ದೇನು ಅಂತ ಹೇಳ್ತೀನಿ. ಇದು ಬುದ್ಧಿಯ ಕೆಲಸವೋ ಅಲ್ಲವೋ ನೀವೇ ನೋಡಿ.

ನಮ್ಮದು 1995ರ ಗಾಡಿ. 1.8 ಲೀಟರ್ ಇಂಜಿನ್, ಎರಡೇ ಸೀಟು, ಮೇಲ್ಗಡೆ ಬಟ್ಟೆಯ ಟಾಪು. 1989ರ ಶಿಕಾಗೋ ಆಟೋ ಶೋನಲ್ಲಿ ಮಜ್ದಾ ಮೊದಲು ತೋರಿಸಿದ, 2016ರ ಹೊತ್ತಿಗೆ ತಯಾರಿಕೆ ಹತ್ತು ಲಕ್ಷ ದಾಟಿದ ಕಾರು. ಇಷ್ಟು ಹಗುರವಾದ, ಇಷ್ಟು ಸರಳವಾದ ಸ್ಪೋರ್ಟ್ಸ್ ಕಾರನ್ನ ಮನೆಯಲ್ಲಿ ಬಿಚ್ಚಬಾರದು ಅಂದ್ರೆ ಇನ್ನೇನನ್ನ ಬಿಚ್ಚಬೇಕು? ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರೀತಾರೆ, ಅದಕ್ಕೆ ಹಿಮ ಬೀಳೋ ತಿಂಗಳಲ್ಲಿ ಇದನ್ನ ಆಚೆ ತೆಗೆಯಲ್ಲ. ಈ ವಸಂತದಲ್ಲಿ ತೆಗೆದಾಗ ಕೀ ತಿರುಗಿಸಿದರೆ ಬರೀ ‘ಟಕ್’. ಮತ್ತೆ ತಿರುಗಿಸಿದರೆ ಮತ್ತೆ ಟಕ್. ಯಾವಾಗಲೋ ಒಮ್ಮೆ ಮಾತ್ರ ತಗೊಳ್ತಿತ್ತು.

ಗೆಳೆಯರೆಲ್ಲ ಬ್ಯಾಟರಿ ಹೋಗಿದೆ, ಹೊಸದು ತಗೊಂಡುಬಿಡು ಅಂದರು. ಮಗಳು ವೋಲ್ಟ್ ಅಳೆಯೋ ಮಲ್ಟಿಮೀಟರ್ ತಂದಳು. ಈ ಕಾರಿನ ಬ್ಯಾಟರಿ ಇರೋದು ಹಿಂದೆ ಡಿಕ್ಕಿಯಲ್ಲಿ. ಅಳೆದರೆ 12.6 ವೋಲ್ಟ್. ನಾನು ಕ್ಲಚ್ ಒತ್ತಿ ಕೀ ತಿರುಗಿಸಿ ಹಿಡಿದೆ, ಟಕ್ ಅಂತು, ಮೀಟರ್ ಹೆಚ್ಚುಕಮ್ಮಿ ಅಲ್ಲೇ ನಿಂತಿತ್ತು. ಸೆಲ್ಫ್ ನಿಜವಾಗಿ ತಿರುಗಿದರೆ ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತೆ, ಒಳ್ಳೇ ಬ್ಯಾಟರಿಯೂ ಎರಡು ವೋಲ್ಟಿನಷ್ಟು ಕುಸಿಯಬೇಕು. “ಅಮ್ಮ, ಕುಸೀಲಿಲ್ಲ ಅಂದ್ರೆ ಕರೆಂಟೇ ಹೋಗ್ತಿಲ್ಲ” ಅಂದಳು. ನಾನು ಬಾಯಿ ಬಿಟ್ಟಿರಲಿಲ್ಲ, ಅವಳಾಗೇ ಹೇಳಿದ್ದು.

ಆಮೇಲೆ ಗಾಡಿ ಮುಂಭಾಗ ಎತ್ತಿ, ಸ್ಟ್ಯಾಂಡ್ ಕೊಟ್ಟು, ಸೆಲ್ಫಿನ ಟರ್ಮಿನಲ್‌ಗೆ ಮೀಟರ್ ಕ್ಲಿಪ್ ಹಾಕಿ ಅವಳು ಆಚೆ ಬಂದ ಮೇಲೆ ಮತ್ತೆ ಕೀ ತಿರುಗಿಸಿದೆ. ದಪ್ಪ ಕೇಬಲ್ ಬರೋ ಕಡೆ 12 ವೋಲ್ಟ್ ಗಟ್ಟಿಯಾಗಿ ನಿಂತಿದೆ. ಕೀ ಕಡೆಯಿಂದ ಬರೋ ಸಣ್ಣ ವೈರಿಗೂ ಬರ್ತಿದೆ, ಅದಕ್ಕೇ ಟಕ್. ಮೋಟರಿಗೆ ಹೋಗೋ ಕಡೆ ಮಾತ್ರ ಸೊನ್ನೆ. ಸೆಲ್ಫಿಗೆ ಅಂಟಿಕೊಂಡಿರೋ ವಿದ್ಯುತ್ ಸ್ವಿಚ್ಚು, ಅಂದರೆ ಸೊಲೆನಾಯ್ಡ್, ಮಾಡೋದು ಎರಡು ಕೆಲಸ: ಹಲ್ಲಿನ ಚಕ್ರವನ್ನ ಇಂಜಿನ್ನಿನ ದೊಡ್ಡ ಚಕ್ರ ಫ್ಲೈವೀಲ್ ಕಡೆ ತಳ್ಳೋದು, ಅದೇ ಉಸಿರಲ್ಲಿ ಒಳಗಿನ ತಾಮ್ರದ ಬಿಲ್ಲೆಯನ್ನ ಎರಡು ಕಾಂಟ್ಯಾಕ್ಟ್‌ಗೆ ಒತ್ತೋದು. ಪ್ರತಿ ಸಲ ಸಣ್ಣ ಕಿಡಿ ಹಾರುತ್ತೆ, ತಾಮ್ರ ಒಂದಿಷ್ಟು ಸುಡುತ್ತೆ. ಮೂವತ್ತು ವರ್ಷ ಸುಟ್ಟು ಸುಟ್ಟು ಅದು ಸವೆದಿದೆ. ಬ್ಯಾಟರಿಯೂ ಸರಿ, ಕೇಬಲ್ಲೂ ಸರಿ, ಇಗ್ನಿಷನ್ ಸ್ವಿಚ್ಚೂ ಸರಿ. ಹದಿನಾರು ವರ್ಷದ ಹುಡುಗಿ ಒಂದೊಂದಾಗಿ ತಳ್ಳಿಹಾಕಿ ರೋಗ ಇಲ್ಲೇ ಇದೆ ಅಂತ ಬೆರಳಿಟ್ಟು ತೋರಿಸಿದಳು. ಇದನ್ನ ಕಾಲೇಜಿನಲ್ಲಿ ಕೋಟು ಹಾಕ್ಕೊಂಡು ಮಾಡಿದರೆ ವಿಜ್ಞಾನ, ಗ್ಯಾರೇಜಿನ ನೆಲದ ಮೇಲೆ ಮಲಗಿ ಮಾಡಿದರೆ ನಮ್ಮಂಥವರ ಕೆಲಸ ಅಲ್ಲವಾ?

ಬಿಚ್ಚೋದೂ ಸಲೀಸಲ್ಲ. ಮೊದಲು ಡಿಕ್ಕಿಗೆ ಹೋಗಿ ಬ್ಯಾಟರಿಯ ನೆಗೆಟಿವ್ ತೆಗೀಬೇಕು, ಯಾಕೆಂದರೆ ಸೆಲ್ಫಿನ ದಪ್ಪ ಕೇಬಲ್ಲಿಗೆ ಫ್ಯೂಸ್ ಇರಲ್ಲ, ಸ್ಪ್ಯಾನರ್ ಅಪ್ಪಿತಪ್ಪಿ ಬಾಡಿಗೆ ತಗುಲಿದರೆ ಬೆಂಕಿ. ಸೆಲ್ಫ್ ಕೂತಿರೋದು ಇಂಜಿನ್ನಿಗೆ ಗಾಳಿ ಒಯ್ಯೋ ಕೊಳವೆಗಳ (ಇನ್‌ಟೇಕ್ ಮ್ಯಾನಿಫೋಲ್ಡ್) ಕೆಳಗೆ, ಗೇರ್‌ಬಾಕ್ಸಿನ ಬಾಯಿಗೆ ಅಂಟಿಕೊಂಡು. ಕೆಳಗಿನ ಬೋಲ್ಟ್ ಪರವಾಗಿಲ್ಲ. ಮೇಲಿನದು ಕಣ್ಣಿಗೇ ಕಾಣಲ್ಲ. ಉದ್ದದ ಎಕ್ಸ್‌ಟೆನ್ಷನ್ ಒಂದಕ್ಕೊಂದು ಸೇರಿಸಿ, ತುದಿಗೆ ತಿರುಗೋ ಜಾಯಿಂಟು, 14 ನಂಬರ್ ಸಾಕೆಟ್ ಹಾಕಿ, ಗೇರ್‌ಬಾಕ್ಸ್ ಪಕ್ಕದಿಂದ ಮೇಲಕ್ಕೆ ಕಳಿಸಿ, ಬೆರಳಲ್ಲಿ ತಡವರಿಸಿ ಬೋಲ್ಟಿನ ತಲೆ ಹುಡುಕಬೇಕು. ಶುಕ್ರವಾರ ರಾತ್ರಿಯೇ ತುಕ್ಕಿಗೆ ಎಣ್ಣೆ ಬಿಟ್ಟಿದ್ದೆ. ಮಗಳ ಕೈ ಸಣ್ಣದು, ಒಳಗೆ ಹೋಯಿತು. ಬೋಲ್ಟ್ ‘ಕಟಕ್’ ಅಂತ ಬಿಟ್ಟುಕೊಟ್ಟಾಗ ಅವಳು ಕೂಗಿದ ಕೂಗು ಬೀದಿಗೆಲ್ಲ ಕೇಳಿಸಿತು. ಪರೀಕ್ಷೆಯಲ್ಲಿ ಎಷ್ಟೇ ಅಂಕ ಬಂದಾಗಲೂ ಆ ಸ್ವರ ನಾನು ಕೇಳಿಲ್ಲ.

ಇದಕ್ಕೆ ನಮ್ಮವರ ಹತ್ತಿರ ಒಂದು ವಾದ ಯಾವಾಗಲೂ ಸಿದ್ಧ. ನಿನ್ನ ಒಂದು ಗಂಟೆಯ ಸಂಬಳ ಎಷ್ಟು, ಮೆಕ್ಯಾನಿಕ್ ತಗೊಳ್ಳೋದೆಷ್ಟು, ಅರ್ಧ ದಿನ ಹಾಳಲ್ವಾ? ನಾನು ಒಪ್ಪಲ್ಲ. ಈ ವಾದ ಮಾಡೋರೇ ಭಾನುವಾರ ಬೆಳಗ್ಗೆಯಿಂದ ಕೂತು ಕ್ರೆಡಿಟ್ ಕಾರ್ಡ್ ಪಾಯಿಂಟ್ ಲೆಕ್ಕ ಹಾಕ್ತಾರೆ, ಅದಕ್ಕೆ ಗಂಟೆಯ ಸಂಬಳ ಯಾರೂ ಕೇಳಲ್ಲ. ಸಮಯದ ಲೆಕ್ಕ ಹೊರಗೆ ಬರೋದು ಕೈಗೆ ಮಸಿ ಹತ್ತೋ ಕೆಲಸಕ್ಕೆ ಮಾತ್ರ. ಅಪಾಯ ಅಂತ ಹೇಳಿದರೆ ಮಾತ್ರ ತಲೆಬಾಗ್ತೀನಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ಯಾರೂ ಹೋಗಬೇಡಿ, ಗಟ್ಟಿ ನೆಲದ ಮೇಲೆ ಸ್ಟ್ಯಾಂಡ್ ಇಡಲೇಬೇಕು, ಹಿಂದಿನ ಚಕ್ರಕ್ಕೆ ಅಡ್ಡ ಕೊಡಲೇಬೇಕು. ಆ ಮಾತು ಹೇಳೋರು ಹೇಳಲಿ, ಕೇಳ್ತೀನಿ. ಆದರೆ ನಿನ್ನೆ ಯಾರೂ ಸ್ಟ್ಯಾಂಡ್ ಇದೆಯಾ ಅಂತ ಕೇಳಲಿಲ್ಲ.

ಈ ಸೆಲ್ಫ್ ಹುಟ್ಟಿದ್ದಾದರೂ ಎಲ್ಲಿ? ಇಲ್ಲೇ ಪಕ್ಕದ ಒಹಾಯೋದ ಡೇಟನ್ ಊರಲ್ಲಿ, ಎಡ್ವರ್ಡ್ ಡೀಡ್ಸ್ ಅನ್ನೋರ ಮನೆ ಹಿಂದಿನ ಕೊಟ್ಟಿಗೆಯಲ್ಲಿ. ಅಂಗಡಿಯ ಕ್ಯಾಶ್ ರಿಜಿಸ್ಟರಿಗೆ ವಿದ್ಯುತ್ ಮೋಟರ್ ಕೂರಿಸಿದ್ದ ಚಾರ್ಲ್ಸ್ ಕೆಟರಿಂಗ್ ಗೆಳೆಯರನ್ನ ಕಟ್ಟಿಕೊಂಡು ಅಲ್ಲಿ ಕೆಲಸ ಮಾಡಿದ್ದು. ಕೆಲವೇ ಸೆಕೆಂಡ್ ತಿರುಗಿದರೆ ಸಾಕಾದ ಮೋಟರ್ ದೊಡ್ಡದಿರಬೇಕಿಲ್ಲ, ಆ ಹೊತ್ತಿಗೆ ಮಿತಿಮೀರಿ ದುಡಿಸಬಹುದು ಅಂತ ಅವನಿಗೆ ಹೊಳೆದಿತ್ತು. 1912ರ ಕ್ಯಾಡಿಲಾಕ್‌ಗೆ ಅದು ಬಂತು. ಅದಕ್ಕೆ ಮುಂಚೆ ಇಂಜಿನ್ ಸ್ಟಾರ್ಟ್ ಮಾಡೋಕೆ ಕೈಯಲ್ಲಿ ಹ್ಯಾಂಡಲ್ ತಿರುಗಿಸೋಕೆ ಹೋಗಿ, ಅದು ತಿರುಗಿ ಬಡಿದು ಮಣಿಕಟ್ಟು ಮುರಿದುಕೊಂಡವರು ಎಷ್ಟೋ ಜನ. ಕೊಟ್ಟಿಗೆಯಲ್ಲಿ ಮೈಕೈ ಮಸಿ ಮಾಡಿಕೊಂಡು ಇದನ್ನ ಮಾಡಿದವನು ಪದವಿ ಪಡೆದ ಇಂಜಿನಿಯರ್. ಅವನನ್ನ ಯಾರಾದರೂ ಜಗಲಿ ಮೇಲೆ ಕೂರಿಸ್ತಾರಾ?

ನಾವು ಹಾಕಿದ್ದು ರೀಮ್ಯಾನುಫ್ಯಾಕ್ಚರ್ಡ್ ಸೆಲ್ಫ್. ಹಳೇ ಸೆಲ್ಫ್ ವಾಪಸ್ ತಗೊಂಡು, ಬಿಚ್ಚಿ, ತೊಳೆದು, ಬ್ರಶ್ಶು ಕಾಂಟ್ಯಾಕ್ಟು ಬದಲಿಸಿ, ಪರೀಕ್ಷೆ ಮಾಡಿ, ಚೆಂದದ ಪೆಟ್ಟಿಗೆಗೆ ಹಾಕಿ ಮಾರೋದು. ಅಪ್ಪ ಬೀದಿ ಬದಿಯಲ್ಲಿ ಮಾಡ್ತಿದ್ದದ್ದು ಇದನ್ನೇ, ಒಂದು ಅಕ್ಷರ ಹೆಚ್ಚಿಲ್ಲ ಕಡಿಮೆ ಇಲ್ಲ. ಪೆಟ್ಟಿಗೆಯಲ್ಲಿ ಬಂದರೆ ಅದಕ್ಕೆ ಮರ್ಯಾದೆ, ವಾರಂಟಿ. ಅಪ್ಪನ ಕೈಗೆ? ಬರೀತಾ ಬರೀತಾ ಗಂಟಲು ಕಟ್ಟುತ್ತಿದೆ.

ಹಿರಿಯರಿಗೆ ನಿನ್ನೆ ನಾನು ಕೊಟ್ಟ ಉತ್ತರ ಇಷ್ಟೇ: “ಸಾರ್, ಇದು ನಮ್ಮಂಥವರದೇ ಕೆಲಸ. ನಮ್ಮಪ್ಪನದು, ನನ್ನದು, ಇವಳದು.” ಅವರು ಏನೂ ಹೇಳದೆ ನಡೆದರು. ವಯಸ್ಸಿನ ಗೌರವ ಇಟ್ಟುಕೊಂಡೇ ಅಂದೆ, ಇವತ್ತೂ ಅದನ್ನೇ ಅಂತೀನಿ.

ಹಳೇ ಸೆಲ್ಫನ್ನ ಅಂಗಡಿಗೆ ವಾಪಸ್ ಕೊಟ್ಟರೆ, ಹೊಸದು ಕೊಳ್ಳುವಾಗ ಕಟ್ಟಿದ ಡಿಪಾಸಿಟ್ ದುಡ್ಡು ಬರುತ್ತೆ. ಕೊಡಲ್ಲ. ಮಗಳು ಅದನ್ನ ಬಿಚ್ಚಬೇಕಂತೆ, ತಿಪಟೂರಿಗೆ ವೀಡಿಯೋ ಕಾಲ್ ಹಾಕಿ ತಾತನ ಎದುರಿಗೇ ಬಿಚ್ಚಬೇಕಂತೆ. ಅಪ್ಪ ಈಗಾಗಲೇ ಫೋನಲ್ಲಿ ಶುರು ಹಚ್ಚಿದಾರೆ: ಬ್ರಶ್ ಸ್ಪ್ರಿಂಗ್ ಹಾರಿಹೋಗುತ್ತೆ ಪುಟ್ಟಿ, ಬಟ್ಟೆ ಹಾಸ್ಕೊಂಡು ಕೂತ್ಕೋ. ಇನ್ನೊಂದು, ಸೆಲ್ಫ್ ತೆಗೆದಾಗ ಪಕ್ಕದ, ಪೆಡಲ್ ಒತ್ತಿದಾಗ ಎಣ್ಣೆಯ ಒತ್ತಡದಲ್ಲಿ ಕ್ಲಚ್ ಬಿಡಿಸೋ ಸ್ಲೇವ್ ಸಿಲಿಂಡರ್ ಒದ್ದೆಯಾಗಿರೋದು ಅವಳ ಕಣ್ಣಿಗೆ ಬಿತ್ತು, ಈ ಕಾರುಗಳಲ್ಲಿ ಅದು ಸೋರೋದು ಮಾಮೂಲು. ಮುಂದಿನ ಶನಿವಾರ ಅದು. ಈ ಕಡೆ ಇರೋ ಗೆಳೆಯರು ಮಕ್ಕಳನ್ನ ಕರ್ಕೊಂಡು ಬನ್ನಿ. ಬ್ಲೀಡ್ ಮಾಡೋವಾಗ, ಅಂದರೆ ಒಳಗೆ ಸೇರಿದ ಗಾಳಿ ಹೊರಗೆ ಬಿಡೋವಾಗ, ಪೆಡಲ್ ಒತ್ತೋಕೆ ಒಬ್ಬರು ಬೇಕು.