ಗಾಳಿಯೇ ಇಲ್ಲದ ಕಡೆ ಢಂ ಅನ್ನೋದು ಹೇಗೆ?

ನಿನ್ನೆ ಕಲಬುರಗಿಯ ಒಂದು ಥಿಯೇಟರಿನಲ್ಲಿ ಅಕ್ಕನ ಮಗನ ಜೊತೆ ಮತ್ತೊಂದು ಬಾಹ್ಯಾಕಾಶ ಯುದ್ಧದ ಸಿನಿಮಾ ನೋಡಿದೆ. ನೌಕೆ ಸಿಡಿಯಿತು, ಢಂ ಅಂತ ಕೂತ ಸೀಟೇ ನಡುಗಿತು. ಸಾಕಾಯ್ತು ನನಗೆ! ಗಾಳಿಯೇ ಇಲ್ಲದ ಕಡೆ ಸದ್ದು ಯಾವುದರ ಮೇಲೆ ಹತ್ತಿಕೊಂಡು ಬರುತ್ತೆ?

ಲೇಸರಿನ ಕಥೆ ಇನ್ನೂ ಕೆಟ್ಟದು. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತೆ, ಹೀರೋ ಅದು ಬರೋದನ್ನ ನೋಡಿ ಪಕ್ಕಕ್ಕೆ ಸರಿಯುತ್ತಾನೆ! ಕಣ್ಣಿಗೆ ಬೀಳುವಷ್ಟರಲ್ಲಿ ಅದು ತಗುಲಿಯೇ ಬಿಟ್ಟಿರುತ್ತೆ ಅಲ್ವಾ? ಜಾತ್ರೆಯಲ್ಲಿ ಕೊಂಡ ಲೇಸರ್ ಲೈಟನ್ನು ಹುಡುಗ ಅಂಗಳದಲ್ಲಿ ಹಿಡಿದಾಗ ಗೋಡೆ ಮೇಲೆ ಬರೀ ಒಂದು ಕೆಂಪು ಚುಕ್ಕೆ. ಅವ್ವ ತೊಗರಿ ತೂರಿ ಧೂಳೆದ್ದ ಮೇಲೇನೇ ಗೆರೆ ಕಂಡದ್ದು. ಸಿನಿಮಾದಲ್ಲಿ ಲೇಸರ್ ಗೆರೆ ಕಾಣೋಕೆ ಅಲ್ಲಿ ಬಾಹ್ಯಾಕಾಶದಲ್ಲಿ ತೊಗರಿ ತೂರಿದವರು ಯಾರು?

1962ರ ಜುಲೈನಲ್ಲಿ ಅಮೆರಿಕ 400 ಕಿಲೋಮೀಟರ್ ಎತ್ತರದಲ್ಲಿ ನಿಜವಾಗಿ ಅಣುಬಾಂಬು ಸಿಡಿಸಿತ್ತು. ಆ ಪರೀಕ್ಷೆಯ ಹೆಸರು ಸ್ಟಾರ್‌ಫಿಶ್ ಪ್ರೈಮ್, ಶಕ್ತಿ 1.4 ಮೆಗಾಟನ್, ಅಂದ್ರೆ 14 ಲಕ್ಷ ಟನ್ ಟಿಎನ್‌ಟಿ ಸಿಡಿಮದ್ದಿನಷ್ಟು. ಸುಮಾರು 1,400 ಕಿಲೋಮೀಟರ್ ದೂರದ ಹವಾಯಿಯಲ್ಲಿ ಬೀದಿದೀಪಗಳು ಆರಿದವು, ಆಕಾಶದ ಬಣ್ಣ ಬದಲಾಯಿತು, ಆಮೇಲೆ ಹಲವು ಉಪಗ್ರಹಗಳು ಕೆಟ್ಟವು. ಇಷ್ಟು ಮೈ ನಡುಗಿಸುವ ನಿಜ ಇರುವಾಗ ಆ ಸುಳ್ಳು ಸದ್ದು ಯಾಕೆ ಬೇಕು?

ಹೊರಗೆ ಬಂದವನೇ ಹುಡುಗ ಕೇಳಿದ: "ಮಾಮಾ, ಸಾಲ್ಯಾಗ ಹೇಳಿದ್ದು ಸುಳ್ಳೇನು?"