ಎತ್ತಿ ಹಿಡಿದದ್ದು ಚೆಂಡನ್ನಲ್ಲ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಹಟಮಾರಿಗಳು ಎಲ್ಲ ಊರಲ್ಲೂ ಇದ್ದಾರೆ. ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಅಮೆರಿಕದ ಕಾಲೇಜು ಫುಟ್‌ಬಾಲ್‌ನವರು ಅವರಿಗಿಂತ ಮುಂದೆ ಹೋಗಿದ್ದಾರೆ. ಅಲ್ಲಿ ಕಾಲಿನ ಲೆಕ್ಕ ಆಮೇಲೆ. ಮೊಲ ಕಂಕುಳಲ್ಲೇ ಇದ್ದರೂ ಹಿಡಿದದ್ದು ಹೌದೋ ಅಲ್ಲವೋ ಎಂದು ಮೊದಲು ವಿಡಿಯೊ ನೋಡಿ ಹೇಳಬೇಕು.

2024ರ ಸೆಪ್ಟೆಂಬರ್ 27ರ ರಾತ್ರಿ ಮಯಾಮಿಯಲ್ಲಿ ಆದದ್ದನ್ನು ಮತ್ತೆ ವಿವರಿಸಬೇಕಿಲ್ಲ. ವರ್ಜೀನಿಯಾ ಟೆಕ್ ಅಭಿಮಾನಿಗಳ ಮುಂದಂತೂ ಬೇಡವೇ ಬೇಡ. ವರ್ಜೀನಿಯಾ ಟೆಕ್‌ನ ಕೊನೆಯ ಎಸೆತ, ಅಂಕ ಗಳಿಸುವ ಪಟ್ಟಿಯಾದ ಎಂಡ್ ಝೋನ್‌ನಲ್ಲಿ ಕೈಗಳ ಜಾತ್ರೆ, ನಡುವೆ ಅವರ ಡಕ್ವಾನ್ ಫೆಲ್ಟನ್. ಅಂಪೈರು ಟಚ್‌ಡೌನ್, ಅಂದರೆ ಗೆಲುವಿನ ಅಂಕ, ಎಂದು ಕೈ ಎತ್ತಿದ್ದೂ ಆಯಿತು, ಆಟಗಾರರು ಕುಣಿದದ್ದೂ ಆಯಿತು. ಆಮೇಲೆ ನಿಮಿಷಗಟ್ಟಲೆ ಪರಿಶೀಲನೆ. ಆಮೇಲೆ ಕ್ಯಾಚೇ ಇಲ್ಲ. ಮಯಾಮಿ 38, ವರ್ಜೀನಿಯಾ ಟೆಕ್ 34. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನೋಣವೆಂದರೆ, ತುತ್ತು ಕೈಗೆ ಬಂದಿತ್ತೇ ಎಂಬುದೇ ಅಲ್ಲಿಯ ವ್ಯಾಜ್ಯ.

ತೀರ್ಪು ಸರಿಯೇ ಇದ್ದೀತು. ಆದರೆ ಮೈದಾನದಲ್ಲಿ ಕೊಟ್ಟ ತೀರ್ಪನ್ನು ತಿರುಗಿಸಲು ನಿರ್ವಿವಾದವಾದ ವಿಡಿಯೊ ಸಾಕ್ಷ್ಯ ಬೇಕೆಂದು ಬರೆದಿಟ್ಟವರು ಈ ಆಟದವರೇ. ನಿರ್ವಿವಾದವಾದದ್ದನ್ನು ಕಾಣಲು ಅಷ್ಟು ಹೊತ್ತು ಕಣ್ಣು ಕಿರಿದು ಮಾಡಬೇಕೇ?

ನಿಯಮ ಓದಲು ಸೊಗಸಾಗಿದೆ. ಚೆಂಡು ನೆಲ ಮುಟ್ಟುವ ಮೊದಲು ಅದರ ಮೇಲೆ ಗಟ್ಟಿ ಹಿಡಿತವಿರಬೇಕು. ಮೈಯ ಯಾವುದಾದರೊಂದು ಭಾಗ ಗೆರೆಯೊಳಗೆ ನೆಲಕ್ಕೆ ತಾಗಬೇಕು. ಕಾಲೇಜಿನಲ್ಲಿ ಒಂದು ಪಾದ ಸಾಕು, ವೃತ್ತಿಪರ ಎನ್‌ಎಫ್‌ಎಲ್‌ನಲ್ಲಿ ಎರಡೂ ಬೇಕು. ಮೂರನೆಯದು, 'ಆಟಕ್ಕೆ ಸಹಜವಾದ ಒಂದು ಕ್ರಿಯೆ' ಮಾಡಲು ಸಾಕಾಗುವಷ್ಟು ಹೊತ್ತು ಹಿಡಿತ ಉಳಿಯಬೇಕು. ಹಿಡಿಯುತ್ತ ಬಿದ್ದರೆ, ಬಿದ್ದು ಮುಗಿಯುವವರೆಗೂ ಚೆಂಡು ಸಡಿಲವಾಗಬಾರದು. ಬೀಳುವುದು ಯಾವಾಗ ಮುಗಿಯುತ್ತದೆ? ಹೊರಳಿದ ಮೇಲೋ, ಎದ್ದ ಮೇಲೋ, ತಾಯಿಗೆ ಫೋನ್ ಮಾಡಿದ ಮೇಲೋ?

'ಸಾಕಾಗುವಷ್ಟು ಹೊತ್ತು' ಎನ್ನುವುದು ಕಾಲದ ಪ್ರಶ್ನೆ. ಅದನ್ನು ಅಳೆಯಲು ಇವರು ಆರಿಸಿಕೊಂಡ ಯಂತ್ರ ಕಾಲವನ್ನೇ ಹಿಂಜಿ ಹತ್ತಿ ಮಾಡುತ್ತದೆ. ನಿಧಾನಗತಿಯಲ್ಲಿ ಅರೆಕ್ಷಣದ ಹಿಡಿತ ಐದು ಸೆಕೆಂಡಿನ ಸಂಸಾರವಾಗಿ ಕಾಣುತ್ತದೆ; ಅದೇ ನಿಧಾನಗತಿಯಲ್ಲಿ ಕೂದಲೆಳೆಯಷ್ಟು ಅಲುಗಾಟ ಭೂಕಂಪವಾಗುತ್ತದೆ. ಪಾದ ಗೆರೆ ತುಳಿಯಿತೇ ಎಂದು ನೋಡಲು ಚಿತ್ರ ನಿಲ್ಲಿಸಿ, ಸಂತೋಷ. ಹಿಡಿತವಿತ್ತೇ ಎಂದು ನಿಂತ ಚಿತ್ರ ಹೇಳಲಾರದು; ಅದರಲ್ಲಿ ಕೈಯಿಂದ ಜಾರುತ್ತಿರುವ ಚೆಂಡೂ ಕೈಯೊಳಗೇ ಇರುತ್ತದೆ. ಇನ್ನು ಚೆಂಡು ನೆಲಕ್ಕೆ ತಾಗಿದ್ದಕ್ಕೆ ಸಾಕ್ಷಿ ಏನು? ಕೃತಕ ಹುಲ್ಲಿನಿಂದ ಚಿಮ್ಮಿದ ಕರಿ ರಬ್ಬರ್ ಕಾಳು. ಅದು ಚೆಂಡಿಗೆ ಚಿಮ್ಮಿತೋ ಮೊಣಕೈಗೆ ಚಿಮ್ಮಿತೋ ಎಂದು ಕಾಳನ್ನೇ ಕಟಕಟೆಗೆ ಕರೆಯಬೇಕು. ತಮಾಷೆಯೆಂದರೆ, ಹಿಡಿತ ತಪ್ಪದಿದ್ದರೆ ಚೆಂಡು ನೆಲಕ್ಕೆ ತಾಗಿದರೂ ಕ್ಯಾಚೇ. ಅರ್ಧ ವಾದ ಅಲ್ಲಿಗೇ ವ್ಯರ್ಥ.

ಅನುಮಾನ ಬಂದರೆ? ಅದಕ್ಕೂ ನಿಯಮವಿದೆ, ಒಂದಲ್ಲ ಎರಡು. ಮೈದಾನದ ಅಂಪೈರಿಗೆ ಅನುಮಾನ ಬಂದರೆ ಅದು ಕ್ಯಾಚ್ ಅಲ್ಲ. ಮೇಲಿನ ಕೋಣೆಯಲ್ಲಿ ಕೂತು ವಿಡಿಯೊ ನೋಡುವವರಿಗೆ ಅನುಮಾನ ಬಂದರೆ ಮೈದಾನದವರು ಹೇಳಿದ್ದೇ ವೇದ. ಹಾಗಾಗಿ ಕೆಳಗಿನವನು ಭಂಡ ಧೈರ್ಯದಿಂದ 'ಹಿಡಿದ' ಎಂದರೆ ಅದು ಕ್ಯಾಚ್, ಅವನ ಮನಸ್ಸು ಅಳುಕಿದರೆ ಅದೇ ಚೆಂಡು ಕ್ಯಾಚ್ ಅಲ್ಲ. ಎರಡನ್ನೂ ಒಂದೇ ವಿಡಿಯೊ ಒಪ್ಪುತ್ತದೆ.

ಬಲ್ಲ ತಂಡಗಳು ನಿಯಮದ ಗೋಜಿಗೆ ಹೋಗದೆ ಓಡುತ್ತವೆ. ಮುಂದಿನ ಆಟ ಶುರುವಾಯಿತೆಂದರೆ ಹಿಂದಿನದನ್ನು ಕೆದಕುವಂತಿಲ್ಲ. ಆದ್ದರಿಂದ ಅನುಮಾನದ ಕ್ಯಾಚ್ ಆದೊಡನೆ ಇಡೀ ತಂಡ ಬಸ್ಸು ಹಿಡಿಯುವಂತೆ ಗೆರೆಗೆ ಧಾವಿಸಿ ಚೆಂಡು ಎತ್ತಿಬಿಡುತ್ತದೆ. ಅವಸರ ಕಂಡರೆ ಕಳ್ಳತನ ಗೊತ್ತಾಗುತ್ತದೆ. ವಿಡಿಯೊ ಪರಿಶೀಲನೆ ಆಗಲು ಎದುರಾಳಿಗೆ ಸಮಯ ಬೇಕು, ಹಾಗಾಗಿ ಅವರಲ್ಲೊಬ್ಬನಿಗೆ ತಟ್ಟನೆ ಮೀನಖಂಡ ಹಿಡಿಯುತ್ತದೆ. ಈ ಸ್ನಾಯು ಸೆಳೆತದ ಸಾಂಕ್ರಾಮಿಕ ಎಷ್ಟು ಹಬ್ಬಿತೆಂದರೆ, ಮುಂದಿನ ಆಟಕ್ಕೆ ಚೆಂಡು ಇಟ್ಟಮೇಲೆ ಗಾಯವೆಂದು ಕುಸಿದರೆ ಆ ತಂಡದ ಪಾಲಿನ ವಿರಾಮಗಳಲ್ಲಿ ಒಂದನ್ನು (ಟೈಮ್‌ಔಟ್) ಕಳೆಯುತ್ತೇವೆ ಎಂದು 2025ರಲ್ಲಿ ನಿಯಮವನ್ನೇ ತರಬೇಕಾಯಿತು. ವೈದ್ಯಶಾಸ್ತ್ರದಲ್ಲಿ ಇದಕ್ಕಿಂತ ಅಗ್ಗದ ಔಷಧವಿಲ್ಲ.

ಅದೇ 2025ರಲ್ಲಿ ಇನ್ನೊಂದು ಸುಧಾರಣೆ. ಮೊದಲು ರೆಫರಿ ಎರಡು ಬಗೆಯಾಗಿ ಹೇಳುತ್ತಿದ್ದ: ತೀರ್ಪು 'ದೃಢಪಟ್ಟಿದೆ', ಅಂದರೆ ಕಣ್ಣಾರೆ ಕಂಡೆವು, ತೀರ್ಪು 'ನಿಲ್ಲುತ್ತದೆ', ಅಂದರೆ ನಮಗೂ ಗೊತ್ತಾಗಲಿಲ್ಲ ಸ್ವಾಮಿ. ಈಗ ಎರಡೂ ಹೋಗಿ 'ಎತ್ತಿ ಹಿಡಿಯಲಾಗಿದೆ' ಎಂಬ ಒಂದೇ ಮಾತು. ಎಂಥ ಸ್ಪಷ್ಟತೆ! ಇಲ್ಲ, ಇದಕ್ಕೆ ನಗು ಬರುವುದಿಲ್ಲ. ಆ ಇಡೀ ವ್ಯವಸ್ಥೆಯಲ್ಲಿ ಪ್ರಾಮಾಣಿಕವಾಗಿದ್ದದ್ದು ಆ 'ನಿಲ್ಲುತ್ತದೆ' ಒಂದೇ. ಗೊತ್ತಾಗಲಿಲ್ಲ ಅನ್ನುವುದು ಅವಮಾನವಲ್ಲ. ಗೊತ್ತಾಗದ್ದನ್ನೂ ಗೊತ್ತಾದದ್ದನ್ನೂ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟುವುದು ಅವಮಾನ. ಜನ ಕೇಳಿದ್ದು ಸರಿಯಾದ ತೀರ್ಪು. ಕೊಟ್ಟದ್ದು ಹೊಸ ಪದ.

ಕ್ಯಾಮೆರಾ ಇಲ್ಲದ ಪರಿಶೀಲನೆಯೂ ಉಂಟು. 2024ರ ಅಕ್ಟೋಬರ್ 19ರಂದು ಟೆಕ್ಸಾಸ್‌ನ ತವರು ಆಸ್ಟಿನ್‌ನಲ್ಲಿ ಜಾರ್ಜಿಯಾದ ಎಸೆತವನ್ನು ಟೆಕ್ಸಾಸ್ ಕಿತ್ತುಕೊಂಡಿತು, ಚೆಂಡು ಹಿಡಿಯುವವನಿಗೆ ಟೆಕ್ಸಾಸ್ ಅಡ್ಡಿಪಡಿಸಿತು ಎಂದು ಅಂಪೈರು ತಪ್ಪಿನ ಬಾವುಟ ಎಸೆದರು. ಅದು ವಿಡಿಯೊ ನೋಡಿ ತಿದ್ದಬಹುದಾದ ತೀರ್ಪಲ್ಲ. ಅಷ್ಟರಲ್ಲಿ ಗ್ಯಾಲರಿಯಿಂದ ಬಾಟಲಿಗಳು ಬಂದವು. ಕಸ ಎತ್ತುವ ಹೊತ್ತಿನಲ್ಲಿ ಅಂಪೈರುಗಳು ತಲೆಗೆ ತಲೆ ಕೊಟ್ಟು ಮಾತಾಡಿ ಬಾವುಟ ಹಿಂತೆಗೆದುಕೊಂಡರು. ಆಮೇಲೆ ಲೀಗ್ ಟೆಕ್ಸಾಸ್‌ಗೆ 2,50,000 ಡಾಲರ್ ದಂಡ ಹಾಕಿತು. ಜೊತೆಗೆ ಇನ್ನೊಂದು ಅಪ್ಪಣೆ: ಇರುವ ವಿಡಿಯೊಗಳನ್ನೆಲ್ಲ ಜಾಲಾಡಿ, ಎಸೆದವರು ಯಾರೆಂದು ಪತ್ತೆಹಚ್ಚಿ.